ಚುಕ್ಕಿಯಕ್ಕನ ಹತ್ತು ಸೈಕಲ್ಲು

ಕೋಟೆ ಬಾಗಿಲ ಪಕ್ಕದ ಓಣಿಯಲ್ಲಿ ತಿಂಗಳಿಗೊಂದು ಸೀಸೆ ಉಗುರುಬಣ್ಣ ಮುಗಿಸುವ ಹೆಂಗಸು ಒಬ್ಬಳೇ. ಅವಳ ಉಗುರಿನಷ್ಟು ಕಪ್ಪು ಉಗುರು ಮಾತ್ರ ಇಡೀ ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಗ್ರೀಸು, ಚೈನಿನ ಮಸಿ, ಟೈರಿನ ಪುಡಿ ಎಲ್ಲ ಸೇರಿ ಅಲ್ಲೇ ಮನೆ ಮಾಡಿಕೊಂಡಿವೆ. ಅಂಗಡಿಯಾತ ಪ್ರತಿ ಸಲವೂ ಕೇಳುತ್ತಾನೆ, "ಯಾರಿಗಮ್ಮಾ ಇಷ್ಟೊಂದು ಬಣ್ಣ?" ಅವಳೂ ಪ್ರತಿ ಸಲ ಅದೇ ಉತ್ತರ ಕೊಡುತ್ತಾಳೆ, "ನನ್ನ ಹತ್ತು ಹೆಣ್ಮಕ್ಕಳಿಗೆ." ಅವಳಿಗೆ ಮಕ್ಕಳಿಲ್ಲ, ಹತ್ತು ಸೈಕಲ್ಲುಗಳಿವೆ. ಆ ಸೈಕಲ್ಲುಗಳ ಬೋಲ್ಟಿನ ಮೇಲೆ ಅವಳು ಇಡುವ ಕೆಂಪು ಚುಕ್ಕಿಯಿಂದಲೇ ಅವಳಿಗೆ ಚುಕ್ಕಿಯಕ್ಕ ಎಂದು ಹೆಸರು ಬಿದ್ದಿದ್ದು. ಕಟ್ಟಿಕೊಂಡ ಗಂಡನೂ ಈಗ ಹಾಗೇ ಕರೆಯುತ್ತಾನೆ ಎಂದರೆ ನೀವೇ ಲೆಕ್ಕ ಹಾಕಿ.

ಅವರ ಮನೆಯ ಕಸುಬು ಹೀಗೆ. ಆ ಊರಿನ ಸುತ್ತ ಗುಡ್ಡವೋ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ ತೋಟ, ನಡುನಡುವೆ ಕೋಟೆ, ಬುರುಜು, ಗಡಿಯಾರದ ಗೋಪುರ ಇಟ್ಟುಕೊಂಡು ಕೂತಿರುವ ಹಳೇ ಊರುಗಳು. ಇವನ್ನೆಲ್ಲ ಕಾರಿನಲ್ಲಿ ನೋಡಿದರೆ ಏನು ಚೆಂದ ಎಂದು ದೊಡ್ಡ ಊರಿನ ಜನ ಇಲ್ಲಿಗೆ ಬಂದು ದಪ್ಪ ಚಕ್ರದ ಸೈಕಲ್ಲು ಹತ್ತುತ್ತಾರೆ. ಡಾಂಬರು ಬಿಟ್ಟು ಜಲ್ಲಿ ದಾರಿ, ಗಾಡಿ ಜಾಡು, ತೋಟದ ಬದು ಹಿಡಿದು ಎರಡು ದಿನ ಸುತ್ತುತ್ತಾರೆ. ದಾರಿ ತೋರಿಸುವವನು ಚುಕ್ಕಿಯಕ್ಕನ ಮೈದುನ. ಅವರ ಗಂಟುಮೂಟೆಯನ್ನು ವ್ಯಾನಿನಲ್ಲಿ ಮುಂದಿನ ಊರಿನ ತಂಗುಮನೆಗೆ ಮುಟ್ಟಿಸುವವನು ಗಂಡ. ಸೈಕಲ್ಲುಗಳ ಜೀವ ಕಾಯುವವಳು ಇವಳು, ಕೆಳಗೆ ಅಂಗಡಿಯಲ್ಲಿ. ಮೇಲೆ ಮನೆಯಲ್ಲಿ ಅತ್ತೆ. ಸಾವಿರ ಸೈಕಲ್ಲು ರಿಪೇರಿ ಮಾಡಿರುವ ಚುಕ್ಕಿಯಕ್ಕ ಸ್ವತಃ ಸೈಕಲ್ಲು ಹತ್ತುವುದು ತರಕಾರಿ ತರಲು ಮಾತ್ರ, ಅದೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು.

ಚುಕ್ಕಿಗೂ ಒಂದು ಕಾರಣ ಇದೆ. ಹದಿನೇಳು ವರ್ಷದ ಹಿಂದೆ, ಅಂಗಡಿ ತೆರೆದ ಮೊದಲ ವರ್ಷ, ಒಬ್ಬ ಗಿರಾಕಿಯ ಹ್ಯಾಂಡಲ್ಲು ನಡುದಾರಿಯಲ್ಲಿ ಸಡಿಲವಾಗಿ ಆತ ಬಿದ್ದು ತೋಳು ಮುರಿದುಕೊಂಡ. ಹ್ಯಾಂಡಲ್ಲನ್ನು ಮುಂದಿನ ಚಕ್ರಕ್ಕೆ ಕಚ್ಚಿಸಿ ಹಿಡಿಯುವುದು ಎರಡು ಬೋಲ್ಟು, ಅದನ್ನು ಇವರು ಕತ್ತಿನ ಬೋಲ್ಟು ಎನ್ನುತ್ತಾರೆ. ಅದು ಸಡಿಲ ಇದ್ದರೆ ನೀವು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸುತ್ತೀರಿ, ಚಕ್ರ ತನ್ನ ಪಾಡಿಗೆ ತಾನು ನೇರ ಹೋಗುತ್ತದೆ. ಅವತ್ತು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ನೀನು ಬಿಗಿದಿದೀಯ ಅಂದ್ಕೊಂಡೆ" ಎಂದ ಅವನು. "ನೀವು ಬಿಗಿದಿದೀರಿ ಅಂದ್ಕೊಂಡೆ" ಎಂದಳು ಇವಳು. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಮಾರನೇ ದಿನ ಇವಳು ಮದುವೆಯಲ್ಲಿ ಬಂದಿದ್ದ ಉಗುರುಬಣ್ಣದ ಸೀಸೆ ಹುಡುಕಿ ತೆಗೆದಳು. ಬೋಲ್ಟು ಬಿಗಿಯಬೇಕು, ಬಿಗಿದ ಮೇಲೆ ಅದರ ತಲೆಯ ಮೇಲೆ ಒಂದು ಕೆಂಪು ಚುಕ್ಕಿ ಇಡಬೇಕು. ಚುಕ್ಕಿ ಇದ್ದರೆ ಹತ್ತಬಹುದು, ಇಲ್ಲದಿದ್ದರೆ ಮುಟ್ಟಲೂ ಕೂಡದು. ಬಿಗಿಯಲು ಒಂದು ವಿಶೇಷ ಸ್ಪ್ಯಾನರ್ ತಂದರು. ಎಷ್ಟು ಬೇಕೋ ಅಷ್ಟು ಬಿಗಿಯಾದ ಕೂಡಲೇ ಅದು 'ಟಕ್' ಎನ್ನುತ್ತದೆ. ಮನೆಯಲ್ಲಿ ಅದರ ಹೆಸರೇ ಟಕ್ ಸ್ಪ್ಯಾನರ್. ಹದಿನೇಳು ವರ್ಷದಲ್ಲಿ ಒಂದು ಬೋಲ್ಟೂ ಸಡಿಲ ಹೋಗಿರಲಿಲ್ಲ. ಚುಕ್ಕಿಯಕ್ಕನಿಗೆ ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಇಷ್ಟು ತಿಳಿದಿದ್ದರೆ ಆ ದ್ರಾಕ್ಷಿ ಕೊಯ್ಲಿನ ತಿಂಗಳು ನಡೆದದ್ದು ಅರ್ಥವಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಗುಂಪು ಹೊರಟಿತ್ತು. ಒಂಬತ್ತು ಜನ ಅತಿಥಿಗಳು, ಹತ್ತನೆಯವನು ಮೈದುನ. ಅತಿಥಿಗಳಲ್ಲಿ ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೆರಡು ವರ್ಷ, ಬೆಳ್ಳಗಿನ ಕೂದಲನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು ಬಂದಿದ್ದರು. ಮೈದುನ ಅವರನ್ನು ಬಂದ ಗಳಿಗೆಯಿಂದಲೇ ಟೀಚರಮ್ಮ ಎಂದು ಕರೆದ. ಅವರಿಗೆ ಒಳಗೊಳಗೇ ಪುಕುಪುಕು. "ಇದು ಮುರಿಯಲ್ಲ ತಾನೇ? ಬ್ರೇಕ್ ಹಿಡಿಯುತ್ತೆ ತಾನೇ?" ಎಂದು ಮೂರು ಸಲ ಕೇಳಿದರು. ಚುಕ್ಕಿಯಕ್ಕ ನಕ್ಕು ಚುಕ್ಕಿಯ ಕತೆ ಹೇಳಿದಳು. ಟೀಚರಮ್ಮನ ಅಳತೆಗೆ ಎರಡು ಸೈಕಲ್ಲು ಇದ್ದವು. ಅವರು ಕನ್ನಡಕ ಏರಿಸಿ ಎರಡನ್ನೂ ಬಗ್ಗಿ ನೋಡಿದರು. ಒಂದರ ಚುಕ್ಕಿ ಹರಡಿ ಕಲಸಿಹೋಗಿತ್ತು, ಇನ್ನೊಂದರದು ಹಣೆಗಿಟ್ಟಂತೆ ಗುಂಡಗೆ.

"ಇದರ ಚುಕ್ಕಿ ಎಷ್ಟು ಚೆನ್ನಾಗಿದೆ. ನನಗೆ ಇದೇ ಇರಲಿ" ಎಂದರು ಟೀಚರಮ್ಮ.

"ಒಳ್ಳೇದನ್ನೇ ಆರಿಸಿದ್ರಿ. ನಿಶ್ಚಿಂತೆಯಿಂದ ಹತ್ತಿ, ಜವಾಬ್ದಾರಿ ನಂದು" ಎಂದಳು ಚುಕ್ಕಿಯಕ್ಕ.

ಅವರು ಹೋದ ಮೇಲೆ ಅಂಗಡಿ ಗುಡಿಸಿ, ಟ್ಯೂಬು ನಾಲ್ಕಕ್ಕೆ ತೇಪೆ ಹಾಕಿ, ಒಂಬತ್ತೂವರೆಗೆ ಕಾಫಿಗೆಂದು ಮೇಲೆ ಹೋದಳು. ಅತ್ತೆ ಅಡುಗೆಮನೆಯಲ್ಲಿ ಮೊಣಕೈ ಉಜ್ಜಿಕೊಳ್ಳುತ್ತ ನಿಂತಿದ್ದರು.

"ಏನೇ, ನಿನ್ನ ಆ ಕಬ್ಬಿಣ ತಗೊಂಡು ಹೋಗೇ. ನಿನ್ನೆ ಸಂಜೆಯಿಂದ ಫ್ರಿಜ್ ಮೇಲೇ ಬಿದ್ದಿದೆ. ಡಬ್ಬಿ ತೆಗೆಯೋಕೆ ಹೋದ್ರೆ ಕೈ ಮೇಲೆ ಬಿತ್ತು, ಮೂಳೆ ಮುರೀತಿತ್ತು ಇಷ್ಟೊತ್ತಿಗೆ."

ಚುಕ್ಕಿಯಕ್ಕ ನೋಡಿದಳು. ಫ್ರಿಜ್ಜಿನ ಮೇಲೆ ಟಕ್ ಸ್ಪ್ಯಾನರ್.

ಮೊದಲು ಏನೂ ಅನ್ನಿಸಲಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸಿಕೊಂಡಳು. ಎರಡು ಗುಟುಕು ಕುಡಿದಳು. ಮೂರನೇ ಗುಟುಕಿಗೆ ಎತ್ತಿದ ಲೋಟವನ್ನು ಕೆಳಗಿಟ್ಟಳು. ನಿನ್ನೆ ಸಂಜೆಯಿಂದ ಇಲ್ಲಿದ್ದರೆ, ನಿನ್ನೆ ಸಂಜೆ ಆಮೇಲೆ ನಾನು ಬಿಗಿದಿದ್ದು ಯಾವುದರಿಂದ?

ಎಲ್ಲವೂ ನೆನಪಾಯಿತು. ಹತ್ತೂ ಸೈಕಲ್ಲು ಹಿಂದಿನ ದಿನ, ಮೊದಲಿನ ಗುಂಪು ಸುತ್ತಾಟ ಮುಗಿಸಿದ ಊರಿನಿಂದ ಲಾರಿಯಲ್ಲಿ ವಾಪಸು ಬಂದಿದ್ದವು. ಲಾರಿಯಲ್ಲಿ ಒತ್ತೊತ್ತಿ ನಿಲ್ಲಿಸಲು ಹ್ಯಾಂಡಲ್ಲುಗಳನ್ನು ಸಡಿಲಿಸಿ ಅಡ್ಡ ತಿರುಗಿಸಿರುತ್ತಾರೆ. ಅವನ್ನೆಲ್ಲ ನೆಟ್ಟಗೆ ಮಾಡಿ, ಬೋಲ್ಟುಗಳನ್ನು ಸದ್ಯಕ್ಕೆ ಬೆರಳಿನಲ್ಲೇ ತಿರುಗಿಸಿ ಕೂರಿಸಿದ್ದಳು. ಇನ್ನು ಸ್ಪ್ಯಾನರ್ ಹಿಡಿಯಬೇಕು, ಆಗ ನೋಡಿದರೆ ಉಗುರುಬಣ್ಣದ ಸೀಸೆ ತಳ ಹಿಡಿದಿತ್ತು. ನಾಲ್ಕು ಹನಿ ಬಣ್ಣ ತೆಗೆಯುವ ನೀರು ಹಾಕಿ ಕುಲುಕಿದಳು. ಈಗ ಬಿಟ್ಟರೆ ಐದು ನಿಮಿಷದಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಅಂಗಡಿಗಳೂ ಮುಚ್ಚುವ ಹೊತ್ತು. ಮೊದಲು ಚುಕ್ಕಿ ಇಟ್ಟುಬಿಡೋಣ, ಆಮೇಲೆ ಬಿಗಿದರಾಯಿತು, ನನ್ನ ಚುಕ್ಕಿ, ನನ್ನ ಕೈ, ಯಾರು ಕೇಳುತ್ತಾರೆ ಎಂದುಕೊಂಡಳು. ಹದಿನೇಳು ವರ್ಷದಲ್ಲಿ ಒಂದೇ ಒಂದು ದಿನ. ಹತ್ತಕ್ಕೂ ಸಾಲಾಗಿ ಚುಕ್ಕಿ ಇಟ್ಟಳು. ಆಮೇಲೆ ಬಾಗಿಲ ಕಡೆಯಿಂದ ಟಕ್, ಟಕ್ ಎಂದು ಬಿಗಿಯುತ್ತ ಬಂದಳು. ನಡುವೆ ಎಲ್ಲೋ ಮೇಲಿನಿಂದ ಅತ್ತೆಯ ಕೂಗು. ಬಚ್ಚಲಮನೆಯ ಚಿಲಕ ಸಿಕ್ಕಿಕೊಂಡು ಮುದುಕಿ ಒಳಗೇ ಉಳಿದಿತ್ತು, "ಸಾಯ್ತೀನೇ, ಉಸಿರು ಕಟ್ತಿದೆಯೇ" ಎಂದು ಬಾಗಿಲು ಬಡಿಯುತ್ತಿತ್ತು. ಇವಳು ಸ್ಪ್ಯಾನರ್ ಸಮೇತ ಓಡಿದಳು. ಚಿಲಕ ಎತ್ತಿ, ಅತ್ತೆಯನ್ನು ಈಚೆ ತಂದು, ನೀರು ಕುಡಿಸಿ, ಬೆನ್ನು ನೀವಿ, ಕೆಳಗೆ ಬಂದಾಗ ಅರ್ಧ ಗಂಟೆ ಕಳೆದಿತ್ತು. ಕೆಳಗೆ ಹತ್ತೂ ಸೈಕಲ್ಲಿನ ಮೇಲೆ ಚುಕ್ಕಿ. ಚುಕ್ಕಿ ಇದೆ ಎಂದರೆ ಮುಗಿದಿದೆ ಎಂದು ಹದಿನೇಳು ವರ್ಷದ ಕಣ್ಣು ಹೇಳಿತು. ದೀಪ ಆರಿಸಿ ಬಾಗಿಲು ಹಾಕಿದಳು.

ತನ್ನ ಗುರುತನ್ನು ತಾನೇ ನಂಬಿ ಮೋಸ ಹೋದಳು, ಇನ್ನೇನು ಹೇಳೋಣ.

"ಯಾಕೇ, ಮುಖ ಬಿಳಿಚ್ಕೊಂಡಿದೆ?" ಎಂದರು ಅತ್ತೆ. ಮೆಟ್ಟಿಲು ಇಳಿಯುತ್ತಲೇ ಮೈದುನನಿಗೆ ಫೋನ್ ಮಾಡಿದಳು. ಸೈಕಲ್ಲಿನ ಮೇಲಿರುವಾಗ ಫೋನ್ ಎತ್ತಬಾರದು ಎಂಬುದು ಅವನ ನಿಯಮ, ಸದ್ದು ಅಡಗಿಸಿ ಚೀಲದಲ್ಲಿ ಹಾಕಿರುತ್ತಾನೆ. ರಿಂಗಾಗಿ ರಿಂಗಾಗಿ ನಿಂತಿತು. ಗಂಡನಿಗೆ ಮಾಡಿದಳು. ಅಂಗಡಿಯ ಬೆಂಚಿನ ಮೇಲೆ ಏನೋ ಗುಂಯ್‌ಗುಟ್ಟಿತು. ಮಹಾರಾಯ ಫೋನ್ ಬಿಟ್ಟು ಹೋಗಿದ್ದ. "ಅಯ್ಯೋ, ನಿಮ್ಮ ಮನೆ ಹಾಳಾಗ!" ಎಂದು ಬೈದಳು, ಅದು ತನ್ನದೇ ಮನೆ ಎಂಬುದೂ ಹೊಳೆಯಲಿಲ್ಲ. ಗುಡ್ಡದ ನೆತ್ತಿಯ ಮೇಲಿನ ವೈನ್ ತಯಾರಿಸುವ ಮನೆಗೆ ಮಾಡಿದಳು. ಕೊಯ್ಲಿನ ಕಾಲ, ಆಫೀಸಿನಲ್ಲಿ ನರಪಿಳ್ಳೆ ಇರುವುದಿಲ್ಲ. ಯಾರೂ ಎತ್ತಲಿಲ್ಲ.

ಗುಂಪು ಹೋಗುವ ದಾರಿ ಅವಳಿಗೆ ಬಾಯಿಪಾಠ. ತೋಟಗಳನ್ನು ಬಳಸಿಕೊಂಡು ಗಡಿಯಾರ ಗೋಪುರದ ಊರು, ಅಲ್ಲಿ ಕಾಫಿ. ಅಲ್ಲಿಂದ ಸುತ್ತು ದಾರಿಯಲ್ಲಿ ಏರಿ ನೆತ್ತಿಯ ವೈನ್ ಮನೆ, ಅಲ್ಲಿ ಒಂದು ಗಂಟೆ. ಅಲ್ಲಿಯವರೆಗೂ ಏರು, ವೇಗ ಇರುವುದಿಲ್ಲ. ಅಪಾಯ ಅದಾದ ಮೇಲೆ. ನೆತ್ತಿಯಿಂದ ಹೊಳೆ ಸೇತುವೆಯವರೆಗೆ ಹದಿನಾಲ್ಕು ತಿರುವಿನ ಇಳಿಜಾರು, ಮುಷ್ಟಿ ಗಾತ್ರದ ಜಲ್ಲಿ, ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಪ್ರಪಾತ. ಬೆರಳಲ್ಲಿ ಬಿಗಿದ ಬೋಲ್ಟು ಆ ಜಲ್ಲಿಯ ಕುಲುಕಾಟಕ್ಕೆ ಎಷ್ಟು ಹೊತ್ತು ತಡೆದೀತು? ಅವರು ಇಳಿಯುವ ಮೊದಲು ಮುಟ್ಟಬೇಕು. ಅಂಗಡಿಯ ಹಿಂದಿನಿಂದ ತೋಟದವರ ಗಾಡಿ ಜಾಡು ಗಡಿಯಾರ ಗೋಪುರದ ಊರನ್ನು ಹಾದು ನೇರ ಮೇಲಕ್ಕೆ ಹೋಗುತ್ತದೆ, ಒಂಬತ್ತು ಕಿಲೋಮೀಟರು. ಓಣಿಯಲ್ಲಿ ಒಂದು ವಾಹನ ಇಲ್ಲ, ಎಲ್ಲವೂ ದ್ರಾಕ್ಷಿ ಹೊರಲು ಹೋಗಿದ್ದವು. ಮೂಲೆಯಲ್ಲಿ ಅವಳ ತರಕಾರಿ ಸೈಕಲ್ಲು ನಿಂತಿತ್ತು. ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇ ಬಿಟ್ಟಳು. "ಎಲ್ಲಿಗೇ? ಕಾಫಿ ತಣ್ಣಗಾಯ್ತು!" ಎಂದು ಅತ್ತೆ ಕಿಟಕಿಯಿಂದ ಕೂಗುತ್ತಲೇ ಇದ್ದರು.

ಮೊದಲ ಎರಡು ಕಿಲೋಮೀಟರು ಅವಳು ಹೇಗೆ ತುಳಿದಳೋ ಅವಳಿಗೇ ಗೊತ್ತಿಲ್ಲ. ಜಲ್ಲಿಯ ಮೇಲೆ ಚಕ್ರ ಜಾರಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಎರಡೂ ಕಡೆ ಬಳ್ಳಿಗಳ ಸಾಲು, ಸಾಲಿನೊಳಗೆ ಬುಟ್ಟಿ ಹಿಡಿದ ಹೆಂಗಸರು. "ಏನಕ್ಕಾ, ಈ ವಯಸ್ಸಲ್ಲಿ ರೇಸಾ?" ಎಂದು ಒಬ್ಬಳು ಕೂಗಿದಳು, ಉಳಿದವರು ಬಿದ್ದು ಬಿದ್ದು ನಕ್ಕರು. ಬೇರೆ ದಿನವಾಗಿದ್ದರೆ ಅವಳಿಗೆ ತಕ್ಕ ಉತ್ತರ ಸಿಗುತ್ತಿತ್ತು. ಅವತ್ತು ಚುಕ್ಕಿಯಕ್ಕ ತಿರುಗಿಯೂ ನೋಡದೆ ತುಳಿದಳು. ತಲೆಯೊಳಗೆ ಒಂದೇ ಲೆಕ್ಕ ಸುತ್ತುತ್ತಿತ್ತು. ಅತ್ತೆ ಕೂಗಿದಾಗ ಎಷ್ಟು ಮುಗಿದಿತ್ತು? ಐದಾ? ಎಂಟಾ? ಎಷ್ಟು ಉಳಿದಿತ್ತು, ಅವು ಯಾರ ಪಾಲಿಗೆ ಹೋದವು?

ಗಡಿಯಾರ ಗೋಪುರದ ಊರು ಬಂದಾಗ ಗೋಪುರದಲ್ಲಿ ಹತ್ತು ಹೊಡೆಯುತ್ತಿತ್ತು. ಕಲ್ಲು ಹಾಸಿನ ಬೀದಿ, ನಾಲ್ಕು ನೂರು ವರ್ಷ ಸವೆದು ಉಬ್ಬುತಗ್ಗಾದ ಕಲ್ಲುಗಳು. ಚೌಕದಲ್ಲಿ ಕಾಫಿ ಅಂಗಡಿಯವ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದ.

"ಹೋದ್ರಾ?" ಎಂದಳು, ಇಳಿಯದೇ.

"ಆಗಲೇ ಅರ್ಧ ಗಂಟೆ ಆಯ್ತಲ್ಲ. ಯಾಕೆ ಚುಕ್ಕಿಯಕ್ಕ, ನೀನೇ ಸೈಕಲ್ ಹತ್ತಿ ಬಂದಿದೀಯ? ಸೂರ್ಯ ಯಾವ ಕಡೆ ಹುಟ್ಟಿದ?"

"ಎಲ್ಲ ಸರಿ ಇದ್ರಾ?"

"ಇದ್ರು. ಒಬ್ರು ವಯಸ್ಸಾದ ಅಮ್ಮ ಈ ಕಲ್ಲು ಮೇಲೆ ಸ್ವಲ್ಪ ಪರದಾಡಿದ್ರು. ಹ್ಯಾಂಡಲ್ ಅತ್ತಿತ್ತ ಆಡ್ತಿತ್ತು. ಗುಂಪಿನ ಹುಡುಗರು ಮುಸಿಮುಸಿ ನಕ್ಕರು. ನಿನ್ನ ಮೈದುನ, 'ಕೈ ಸಡಿಲ ಬಿಡಿ, ಹೆದರ್ಕೊಂಡ್ರೆ ಹಾಗೇ ಆಗೋದು' ಅಂತ ಹೇಳ್ಕೊಟ್ಟ."

ಚುಕ್ಕಿಯಕ್ಕ ಅವನು ಕೊಟ್ಟ ನೀರನ್ನು ಕುಡಿಯದೇ ಹೊರಟಳು.

ಮುಂದಿನದು ಬರೀ ಏರು. ಅರ್ಧ ತುಳಿದಳು, ಅರ್ಧ ತಳ್ಳಿದಳು. ಒಂದು ಕಡೆ ಸೊಂಟದಲ್ಲಿ ಚುಚ್ಚುತ್ತಿದ್ದ ಸ್ಪ್ಯಾನರನ್ನು ಕಿತ್ತು ಕೈಗೆ ತೆಗೆದುಕೊಂಡಾಗ ಬಿಸಿಲಿನಲ್ಲಿ ಅದರ ತುದಿ ಕಾಣಿಸಿತು. ತುದಿಗೆ ಕೆಂಪು ಬಣ್ಣ ಮೆತ್ತಿತ್ತು. ಅವಳು ನಿಂತಲ್ಲೇ ನಿಂತಳು. ಹಸಿ ಬಣ್ಣದ ಮೇಲೆ ಸ್ಪ್ಯಾನರ್ ಕೂತರೆ ಚುಕ್ಕಿ ಕಲಸಿಹೋಗುತ್ತದೆ. ಕಲಸಿಹೋದ ಚುಕ್ಕಿಗಳೇ ಬಿಗಿದ ಸೈಕಲ್ಲುಗಳು. ಚುಕ್ಕಿ ಗುಂಡಗೆ ಚೆಂದ ಇದೆ ಎಂದರೆ ಅದನ್ನು ಸ್ಪ್ಯಾನರ್ ಮುಟ್ಟಿಯೇ ಇಲ್ಲ.

'ಇದರ ಚುಕ್ಕಿ ಎಷ್ಟು ಚೆನ್ನಾಗಿದೆ.'

'ಒಳ್ಳೇದನ್ನೇ ಆರಿಸಿದ್ರಿ.'

"ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ" ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಎರಡು ಸೈಕಲ್ಲಿನ ನಡುವೆ ಭಯಪಟ್ಟ ಹೆಂಗಸೊಬ್ಬಳು ನಿಂತು ಕೇಳಿದಾಗ, ಗಟ್ಟಿಯಾದುದನ್ನು ಬಿಡಿಸಿ ಸಡಿಲವಾದುದನ್ನು ಕೈಗೆ ಕೊಟ್ಟವಳು ತಾನು. ಜವಾಬ್ದಾರಿ ನಂದು ಎಂದು ಬೇರೆ ಹೇಳಿದ್ದಳು.

ನೆತ್ತಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ವೈನ್ ಮನೆಯ ಅಂಗಳದಲ್ಲಿ ಸೈಕಲ್ಲುಗಳು ಗೋಡೆಗೆ ಒರಗಿದ್ದವು. ಮೈದುನ ಮೇಜಿನ ಬಳಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದ, ಅತಿಥಿಗಳು ಕೊನೆಯ ಗುಟುಕು ಚಪ್ಪರಿಸುತ್ತಿದ್ದರು. ಬೆವರು, ಧೂಳು, ಬಿಚ್ಚಿದ ಜಡೆಯಲ್ಲಿ ಬಂದ ಅತ್ತಿಗೆಯನ್ನು ನೋಡಿ ಅವನು ಬೆಚ್ಚಿಬಿದ್ದ.

"ಅತ್ತಿಗೆ! ಅಮ್ಮಂಗೆ ಏನಾದ್ರೂ ಆಯ್ತಾ?"

"ಟೀಚರಮ್ಮ ಎಲ್ಲಿ?"

"ಅವರು ವೈನ್ ಮುಟ್ಟಲಿಲ್ಲ. 'ನಾನು ನಿಧಾನ, ನಿಮಗೆಲ್ಲ ಭಾರ ಆಗೋದು ಬೇಡ' ಅಂತ ಆಗಲೇ ಹೊರಟ್ರು. ಒಂದೇ ದಾರಿ ಅಲ್ವಾ, ಹೋಗ್ಲಿ ಅಂದೆ. ಹತ್ತು ನಿಮಿಷ ಆಯ್ತು."

ಚುಕ್ಕಿಯಕ್ಕ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದು ನಾಲ್ಕೇ ಮಾತಿನಲ್ಲಿ ಹೇಳಿದಳು. ಅವನ ಮುಖದ ಬಣ್ಣ ಹೋಯಿತು. ಇಬ್ಬರೂ ಸೈಕಲ್ಲುಗಳ ಕಡೆ ನೋಡಿದರು. ಒಂಬತ್ತರಲ್ಲಿ ಆರರ ಚುಕ್ಕಿ ಕಲಸಿತ್ತು, ಮೂರರದು ಚೊಕ್ಕವಾಗಿ ಹೊಳೆಯುತ್ತಿತ್ತು. ಅವಳು ಹತ್ತಿರದ ಚೊಕ್ಕ ಚುಕ್ಕಿಯ ಸೈಕಲ್ಲಿನ ಮುಂಚಕ್ರವನ್ನು ಮೊಣಕಾಲ ನಡುವೆ ಸಿಕ್ಕಿಸಿ ಹ್ಯಾಂಡಲ್ಲು ತಿರುಗಿಸಿದಳು. ಸರಾಗವಾಗಿ ತಿರುಗಿತು, ನಲ್ಲಿಯ ಹಾಗೆ.

"ಈ ಮೂರನ್ನ ಯಾರೂ ಮುಟ್ಟಬಾರದು. ನಾನು ಬರೋವರೆಗೆ ಒಬ್ರೂ ಹೊರಡಬಾರದು" ಎಂದಳು.

ಮೈದುನ ದನಿ ತಗ್ಗಿಸಿದ. "ಅತ್ತಿಗೆ, ಇವರ ಮುಂದೆ ಏನೂ ಹೇಳ್ಬೇಡಿ. ಮಾಮೂಲಿ ಚೆಕಿಂಗ್ ಅಂತೀನಿ. ಟೀಚರಮ್ಮಂಗೂ ಹೇಳ್ಬೇಡಿ, ದಮ್ಮಯ್ಯ. ಬಿಗಿದು ಸುಮ್ನೆ ಬಂದ್ಬಿಡಿ. ಚುಕ್ಕಿ ಮೇಲೆ ನಂಬಿಕೆ ಹೋದ್ರೆ ನಾಳೆಯಿಂದ ನಮ್ಮ ಸೈಕಲ್ ಯಾರು ಹತ್ತುತಾರೆ?"

ಅವನು ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅವಳು ಹೂಂ ಎಂದಳೋ ಇಲ್ಲವೋ, ಇಳಿಜಾರಿಗೆ ಬಿದ್ದಳು.

ತರಕಾರಿ ತರುವಾಗ ಇಳಿದು ತಳ್ಳುವ ಹೆಂಗಸು ಹದಿನಾಲ್ಕು ತಿರುವಿನ ಇಳಿಜಾರಿನಲ್ಲಿ! ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟಿದವು. ಮೊದಲ ತಿರುವು, ಯಾರೂ ಇಲ್ಲ. ಎರಡನೇ ತಿರುವು, ಯಾರೂ ಇಲ್ಲ. ಪ್ರತಿ ತಿರುವಿನಲ್ಲೂ ಮೊದಲು ಅವಳ ಕಣ್ಣು ಪ್ರಪಾತದ ಕಡೆ ಹೋಗುತ್ತಿತ್ತು, ಆಮೇಲೆ ದಾರಿಯ ಕಡೆ. ಮೂರನೇ ತಿರುವಿನಲ್ಲಿ ಜಲ್ಲಿಯ ನಡುವೆ ಒಂದು ನೀರಿನ ಬಾಟಲಿ ಬಿದ್ದಿತ್ತು. ನೀಲಿ ಬಾಟಲಿ, ಅವರದೇ ಅಂಗಡಿಯದು. ಮುಂದೆ ಜಲ್ಲಿಯ ಮೇಲೆ ಟೈರು ಅಡ್ಡಡ್ಡ ಎಳೆದ ಗೀಟು. ದೇವರೇ, ದೇವರೇ, ದೇವರೇ ಎಂದುಕೊಳ್ಳುತ್ತ ಹೋದಳು, ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಐದನೇ ತಿರುವಿನಲ್ಲಿ, ಕಲ್ಲಿನ ಗೋಡೆಯ ಬುಡದಲ್ಲಿ ಟೀಚರಮ್ಮ ಕೂತಿದ್ದರು.

ಕೂತಿದ್ದರು! ಚುಕ್ಕಿಯಕ್ಕನಿಗೆ ಅಲ್ಲೇ ಕುಸಿದು ಅತ್ತುಬಿಡಬೇಕು ಅನ್ನಿಸಿತು. ಸೈಕಲ್ಲನ್ನು ಹಾಗೇ ಕೆಡವಿ ಓಡಿದಳು. ಟೀಚರಮ್ಮನ ಬಲ ಅಂಗೈ ಕೆತ್ತಿ ರಕ್ತ ಬಂದಿತ್ತು, ಕರವಸ್ತ್ರ ಸುತ್ತಿಕೊಂಡಿದ್ದರು. ಮೊಣಕಾಲ ಹತ್ತಿರ ಬಟ್ಟೆ ಹರಿದಿತ್ತು. ಬೇರೇನೂ ಆಗಿರಲಿಲ್ಲ. ಪಕ್ಕದಲ್ಲಿ ಸೈಕಲ್ಲು ಒರಗಿತ್ತು, ಚಕ್ರ ಒಂದು ಕಡೆ, ಹ್ಯಾಂಡಲ್ಲು ಇನ್ನೊಂದು ಕಡೆ.

"ನೀವು ಯಾಕಮ್ಮ ಬಂದ್ರಿ?" ಎಂದರು ಟೀಚರಮ್ಮ, ಅತ್ತು ಮುಗಿದ ದನಿಯಲ್ಲಿ. "ಅವರು ಫೋನ್ ಮಾಡಿ ಹೇಳಿದ್ರಾ, ಈ ಮುದುಕಿ ಕೈಲಿ ಆಗ್ತಿಲ್ಲ ಅಂತ?"

"ಇಲ್ಲ ಟೀಚರಮ್ಮ..."

"ನನಗೆ ಬರಲ್ಲ, ಬಿಡಿ. ಬೆಳಿಗ್ಗೆಯಿಂದ ನೋಡ್ತಿದೀನಿ, ಎಲ್ಲರದೂ ನೇರ ಹೋಗುತ್ತೆ, ನಂದು ಮಾತ್ರ ಸೊಟ್ಟ. ಕೈ ಸಡಿಲ ಬಿಡಿ ಅಂದ್ರು, ಬಿಟ್ಟೆ. ಹೆದರಬೇಡಿ ಅಂದ್ರು, ಹೆದರದೇ ಇರೋಕೆ ನೋಡಿದೆ. ಸೈಕಲ್ ತಪ್ಪಲ್ಲ ಅಂತ ಗೊತ್ತಿತ್ತು, ನೀವೇ ತೋರಿಸಿದ್ರಲ್ಲ ಚುಕ್ಕಿ. ಅಷ್ಟು ಚೆನ್ನಾಗಿ ಬಿಗಿದಿರೋ ಸೈಕಲ್ಲನ್ನ ನೆಟ್ಟಗೆ ಓಡಿಸೋಕೆ ಬರ್ದೇ ಇದ್ರೆ ತಪ್ಪು ನಂದೇ ತಾನೇ? ಮಗ ಬೇಡ ಅಂದಿದ್ದ. ಈ ವಯಸ್ಸಲ್ಲಿ ಯಾಕಮ್ಮ ನಿನಗೆ ಅಂದಿದ್ದ. ಅವನು ಹೇಳಿದ್ದೇ ಸರಿ. ಇನ್ನು ನಾನು ಸೈಕಲ್ ಮುಟ್ಟಲ್ಲ."

ಚುಕ್ಕಿಯಕ್ಕ ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದಳು. ಬಿಗಿಯಲು ಒಂದು ನಿಮಿಷ ಸಾಕು. ಮಾಮೂಲಿ ಚೆಕಿಂಗ್ ಎಂದರೆ ಈ ಹೆಂಗಸು ನಂಬುತ್ತಾರೆ. ಅಂಗಡಿ ಉಳಿಯುತ್ತದೆ, ಹದಿನೇಳು ವರ್ಷದ ಹೆಸರು ಉಳಿಯುತ್ತದೆ. ಇವರು ಮಾತ್ರ ಮನೆಗೆ ಹೋಗಿ, ನನ್ನ ಕೈಲಿ ಆಗಲಿಲ್ಲ ಎಂದು ಮಗನಿಗೆ ಹೇಳುತ್ತಾರೆ. ಸಾಯುವವರೆಗೂ ಹಾಗೇ ಅಂದುಕೊಂಡಿರುತ್ತಾರೆ. ಬಿದ್ದು ತಲೆ ಒಡೆದಿದ್ದರೂ, ಬೀಳುವ ಆ ಕ್ಷಣದಲ್ಲಿ ತಪ್ಪು ನಂದೇ ಎಂದುಕೊಂಡೇ ಬೀಳುತ್ತಿದ್ದರು.

"ನಿಮ್ಮ ತಪ್ಪಲ್ಲ, ನಂದು" ಎಂದಳು. "ಬೋಲ್ಟು ಬಿಗಿದೇ ಇಲ್ಲ. ಚುಕ್ಕಿ ಮೊದಲು ಇಟ್ಬಿಟ್ಟೆ, ಬಿಗಿಯೋದು ಮರೆತೆ. ನಿಮ್ಮ ಸೈಕಲ್ಲು ಬೆಳಿಗ್ಗೆಯಿಂದ ಸಡಿಲ ಇತ್ತು. ಅಂಥ ಸೈಕಲ್ಲಲ್ಲಿ ನೀವು ಕಲ್ಲು ಬೀದಿ ದಾಟಿ, ಗುಡ್ಡ ಹತ್ತಿ, ಐದು ತಿರುವು ಇಳಿದಿದೀರಿ. ನನ್ನ ಮೈದುನನ ಕೈಲೂ ಆಗ್ತಿರಲಿಲ್ಲ."

ಟೀಚರಮ್ಮ ಎದ್ದು ಸೈಕಲ್ಲಿನ ಹತ್ತಿರ ಹೋಗಿ ಆ ಗುಂಡನೆಯ ಚುಕ್ಕಿಯನ್ನು ಬಗ್ಗಿ ನೋಡಿದರು. ಆಮೇಲೆ ಅವರಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ? "ನಾನು ಸತ್ತಿದ್ರೆ?" ಎಂದರು. "ಮೂರು ಸಲ ಕೇಳಿದ್ನಲ್ಲ ನಿಮ್ಮನ್ನ, ಮೂರು ಸಲ!" ಎಂದರು. ಚುಕ್ಕಿಯಕ್ಕ ತಲೆ ತಗ್ಗಿಸಿ ನಿಂತಳು, ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು, ಬೈಗುಳ ಮುಗಿಯುವವರೆಗೂ ಕೇಳಿದಳು.

ಸಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಟೀಚರಮ್ಮ ಗೋಡೆಗೆ ಒರಗಿ ನಿಟ್ಟುಸಿರುಬಿಟ್ಟರು.

"ಮೂವತ್ತೊಂದು ವರ್ಷ ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಗುರುತು ಹಾಕಿದೋಳು ನಾನು. ಐವತ್ತೈದು ಮಕ್ಕಳ ಕ್ಲಾಸು. ಓದದೇ ಹಾಕಿದ್ದೂ ಇದೆ. ಎಷ್ಟೋ ಇದೆ" ಎಂದರು. ಆಮೇಲೆ, "ಯಾವ ಮಗುವಿನ ಹಿಂದೇನೂ ನಾನು ಓಡಿ ಬರಲಿಲ್ಲ" ಎಂದರು.

ಚುಕ್ಕಿಯಕ್ಕ ಹ್ಯಾಂಡಲ್ಲು ನೆಟ್ಟಗೆ ಮಾಡಿ ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿದಳು. ಹಾಗೇ ಅದರ ಹಿಡಿಯನ್ನು ಟೀಚರಮ್ಮನ ಗಾಯವಿಲ್ಲದ ಕೈಗೆ ಕೊಟ್ಟಳು. "ನೀವೇ ತಿರುಗಿಸಿ. ಟಕ್ ಅನ್ನೋವರೆಗೂ." ಟೀಚರಮ್ಮ ತುಟಿ ಕಚ್ಚಿ ತಿರುಗಿಸಿದರು. ಟಕ್. ಇನ್ನೊಂದು ಬೋಲ್ಟು, ಟಕ್. ಒಂದು ಕ್ಷಣ ನಿಂತು, ನಂಬಿಕೆಯಿಲ್ಲದೆ ಮತ್ತೊಂದು ಸಲ ತಿರುಗಿಸಿ ನೋಡಿದರು. ಟಕ್. ಒಣಗಿದ ಬಣ್ಣ ಪುಡಿಪುಡಿಯಾಗಿ ಉದುರಿತು.

"ಈಗ ಹತ್ತಬಹುದಾ?"

ನಿಶ್ಚಿಂತೆಯಿಂದ ಹತ್ತಿ ಎಂಬ ಮಾತು ಚುಕ್ಕಿಯಕ್ಕನ ಬಾಯಿಯ ತುದಿಗೆ ಬಂದು ನಿಂತಿತು. ಆಡಲು ಧೈರ್ಯ ಬರಲಿಲ್ಲ. "ಮೊಣಕಾಲಲ್ಲಿ ಚಕ್ರ ಹಿಡಿದು ತಿರುಗಿಸಿ ನೋಡಿ. ಅಲ್ಲಾಡದಿದ್ರೆ ಹತ್ತಿ" ಎಂದಳು. ಟೀಚರಮ್ಮ ಹಾಗೇ ಮಾಡಿದರು. ಅಲ್ಲಾಡಲಿಲ್ಲ. ಆರನೇ ತಿರುವಿನವರೆಗೂ ತಳ್ಳಿಕೊಂಡು ಹೋದರು, ಅಲ್ಲಿ ಹತ್ತಿದರು. ಸೈಕಲ್ಲು ನೇರ ಹೋಯಿತು. ಚುಕ್ಕಿಯಕ್ಕ ಉಸಿರು ಬಿಗಿಹಿಡಿದು, ಅವರು ಏಳನೇ ತಿರುವು ತಿರುಗಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ತನ್ನ ಸೈಕಲ್ಲು ತಳ್ಳಿಕೊಂಡು ಮತ್ತೆ ನೆತ್ತಿ ಹತ್ತಿ, ಮೈದುನ ಕಣ್ಣು ಕಣ್ಣು ಬಿಡುತ್ತಿದ್ದ ಹಾಗೇ ಎಂಟು ಜನರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಇಬ್ಬರು ಸೈಕಲ್ಲು ಹತ್ತುವುದೇ ಇಲ್ಲ, ವ್ಯಾನು ಬರಲಿ ಎಂದು ಕೂತರು. ಒಬ್ಬ ಬಾಯಿಗೆ ಬಂದಂತೆ ಬೈದ. ಉಳಿದವರು ಒಬ್ಬೊಬ್ಬರಾಗಿ ಬಂದು ಸ್ಪ್ಯಾನರಿಗೆ ಕೈ ಚಾಚಿದರು.

ಈಗ ಆ ಅಂಗಡಿಯ ಕಟ್ಟಳೆ ಬೇರೆ. ಬಂದವರೇ ತಮ್ಮ ಬೋಲ್ಟನ್ನು ಟಕ್ ಎನ್ನುವವರೆಗೂ ಬಿಗಿಯಬೇಕು, ಚಕ್ರವನ್ನು ಮೊಣಕಾಲಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಆಮೇಲೆ ಅವರ ಕಣ್ಣೆದುರಿಗೇ ಚುಕ್ಕಿ. ಬೆಳಗಿನ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ ಎಂದು ಮೈದುನ ಗೊಣಗುತ್ತಾನೆ. ಗೊಣಗಲಿ. ಗಂಡನ ಫೋನನ್ನು ದಾರ ಕಟ್ಟಿ ಅವನ ಕೊರಳಿಗೆ ನೇತುಹಾಕಿದ್ದಾಳೆ.

ಗುಂಪು ಹೊರಟ ದಿನ ಮಾತ್ರ, ಗಂಟೆ ಒಂಬತ್ತೂವರೆಯಾಗುತ್ತಿದ್ದಂತೆ ಚುಕ್ಕಿಯಕ್ಕನಿಗೆ ಕೈಯಲ್ಲಿನ ಕೆಲಸ ಓಡುವುದಿಲ್ಲ. ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋಗುತ್ತಾಳೆ. ಟಕ್ ಸ್ಪ್ಯಾನರ್ ಸೊಂಟದಲ್ಲೇ ಇರುತ್ತದೆ, ಹೆಜ್ಜೆ ಹೆಜ್ಜೆಗೂ ಚುಚ್ಚುತ್ತಿರುತ್ತದೆ. ಆದರೂ ಸ್ಟೂಲು ಎಳೆದು ಹತ್ತಿ ಫ್ರಿಜ್ಜಿನ ಮೇಲೆ ಈ ತುದಿಯಿಂದ ಆ ತುದಿಗೆ ಕೈಯಾಡಿಸುತ್ತಾಳೆ.

"ಏನೇ ಅದು, ಬಂದಾಗೆಲ್ಲ ಅಲ್ಲೇ ಹುಡುಕ್ತೀಯ?" ಎನ್ನುತ್ತಾರೆ ಅತ್ತೆ.

"ಧೂಳು ಅತ್ತೆ."

"ಎಲ್ಲಿದೆಯೇ ಧೂಳು? ನೀನು ಕೈಯಾಡಿಸಿ ಆಡಿಸಿ ಅದರ ಬಣ್ಣವೇ ಹೋಯ್ತು."